ಕೋಟು ತೋರಿಸಿದ ಊರು

ಆಲ್ಡರ್‌ವಿಕ್‌ನಲ್ಲಿ ನಿನಗೆ ಯಾವ ಜಾಗ ಇಷ್ಟ ಅಂತ
ಕನ್ನಡಕದಂಗಡಿಯ ಒಡತಿ ಕೇಳಿದಳು.
ನಾನು ಒಳಕೋಣೆಯಲ್ಲಿ ಗಾಜು ಉಜ್ಜುತ್ತಿದ್ದೆ.
ಕೋಟೆ ಎನ್ನಲಿ ಅಂತ ಅವಳಿಗೆ ಆಸೆ.
ಇಡೀ ಊರಿಗೆ ಇರುವುದೊಂದೇ ಕೋಟೆ,
ಅದೂ ಒಂದೂವರೆ ಗೋಡೆ,
ಮೂರು ಪೌಂಡಿನ ಟಿಕೆಟ್ಟು.

ನನಗೆ ಊರು ತೋರಿಸಿದ್ದು ಒಂದು ಕೋಟು.

ಹೋದ ನವೆಂಬರು. ಅನಾಥ ಬೆಕ್ಕುಗಳ ಹೆಸರಲ್ಲಿ ನಡೆಯುವ
ಹಳೇಬಟ್ಟೆ ಅಂಗಡಿ. ಕಡುಹಸಿರು ಉಣ್ಣೆ, ಎಂಟು ಪೌಂಡು.
ಐದು ಗುಂಡಿ ಕಪ್ಪು, ಒಂದು ಕಂದು.
ನನ್ನ ಮೊಣಕಾಲು ದಾಟಿ ಇಳಿಯುತ್ತಿತ್ತು
ಯಾರದೋ ಎತ್ತರ.
ಎಡಜೇಬಿನ ಅಸ್ತರು ಹರಿದು, ಅದರೊಳಗೆ ಇಳಿದ
ನಾಯಿಬಿಸ್ಕೆಟ್ಟಿನ ಪುಡಿ.
ಒಗೆದರೂ ಹೋಗಲಿಲ್ಲ.
ಒಗೆಯಲೂ ಇಲ್ಲ, ನಿಜ ಹೇಳಬೇಕೆಂದರೆ.

ಅದಕ್ಕೆ ಮೊದಲು ಎರಡು ತಿಂಗಳು
ಈ ಊರಿನ ಬಾಯಲ್ಲಿ ನನಗೆ ಬರೀ ಸಾರಿ.
ಅವರು ನನ್ನ ಕಾಲು ತುಳಿದರೂ ಸಾರಿ,
ನಾನು ತುಳಿದರೂ ಅವರದೇ ಸಾರಿ.
ಕೋಟು ತೊಟ್ಟ ಮರುದಿನ
ಕಾಲುವೆಯ ಏರಿಯ ಮೇಲೆ ಒಂದು ಬಿಳಿ ನಾಯಿ
ಯಜಮಾನನನ್ನೇ ಎಳೆದುಕೊಂಡು ಬಂದು
ನನ್ನ ಎಡಜೇಬಿಗೆ ಮೂತಿ ತೂರಿಸಿತು.
‘ಪಿಪ್ಪಿನ್, ಅವಳಲ್ಲ ಕಣೋ’ ಅಂದ ಮುದುಕ,
ನನ್ನ ಕಡೆ ನೋಡದೆ.

ಮುಖ ನೋಡಿ ಮಣೆ ಹಾಕುತ್ತಾರೆ ಅಂತ ಗಾದೆ.
ಇಲ್ಲಿ ಕೋಟು ನೋಡಿ ಹಾಕಿದರು.

ಗುರುವಾರದ ಸಂತೆಯಲ್ಲಿ ಮೀನಿನ ಗಾಡಿಯವನು
‘ಎಂದಿನ ಹಾಗೆ ಎರಡೇ ಹೆರಿಂಗಾ?’ ಅಂತ ಬೆನ್ನಿಗೆ ಕೂಗಿ
ನಾನು ತಿರುಗಿದೊಡನೆ ಕೆಂಪಾದ.
ಎರಡು ಕೊಂಡೆ. ಬೂತಾಯಿ ಅಂದುಕೊಂಡು
ಖಾರ ಹಚ್ಚಿ ಹುರಿದೆ. ಮನೆತುಂಬ ಹೊಗೆ,
ಮೇಲಿನ ಮನೆಯವರೆಗೂ ಅಲಾರಾಂ.
ಆದರೂ ಮುಂದಿನ ಗುರುವಾರ ಹೋದೆ.
ಗಾಡಿಯ ಎಡಬದಿ, ಮಂಜುಗಡ್ಡೆ ಕರಗಿ
ಕಲ್ಲುಹಾಸಿನ ಸಂದಿಗೆ ಹರಿಯುವ ಕಡೆ,
ಅಲ್ಲಿ ನಿಂತರೆ ಈಗ ಸರದಿ ನನ್ನದೇ.

ಗ್ರಂಥಾಲಯದಲ್ಲಿ
ದಪ್ಪಕ್ಷರದ ಪುಸ್ತಕಗಳ ಹಿಂದೆ ಒಂದು ಬೆಚ್ಚನೆ ಮೂಲೆ,
ಮೇಲೊಂದು ಮೊಳೆ. ಯಾರೂ ಹೇಳಲಿಲ್ಲ,
ಕುಣಿಕೆ ತಾನಾಗಿಯೇ ಹೋಗಿ ಸಿಕ್ಕಿಕೊಂಡಿತು.
ನೀರ್ಬಾಗಿಲ ಹತ್ತಿರದ ಬೆಂಚಿಗೆ ಒರಗಿದರೆ
ಬೆನ್ನಿನಲ್ಲಿ ಉಣ್ಣೆ ಸವೆದ ಗೆರೆ
ಮರದ ಪಟ್ಟಿಗೆ ಸರಿಯಾಗಿ ಕೂತಿತು,
ಚೌಕಟ್ಟಿಗೆ ಗಾಜು ಕೂತ ಹಾಗೆ, ಟಕ್ ಅಂತ.
ಅಲ್ಲಿಂದ ಕಾಣುವುದು ಹೆಚ್ಚೇನಿಲ್ಲ.
ಕಂದು ನೀರು, ಯಾರೋ ಎಸೆದ ತಳ್ಳುಗಾಡಿಯ ಚಕ್ರ,
ಅದರ ಮೇಲೆ ಒಂಟಿಕಾಲಲ್ಲಿ ಬಾತುಕೋಳಿ.

ಜನವರಿಯಲ್ಲಿ, ಅಂಚೆಕಚೇರಿಯ ಸಾಲಿನಲ್ಲಿ
ಹಿಂದೆ ನಿಂತವಳು ನನ್ನ ತೋಳು ಹಿಡಿದಳು.
‘ಈ ಕಂದು ಗುಂಡಿ ನಾನು ಹೊಲಿದದ್ದು.
ಕಪ್ಪು ಸಿಗಲಿಲ್ಲ. ಎನಿಡ್ ಎಷ್ಟು ಬೈದಳು ಗೊತ್ತಾ!’
ನಾನು ಬಿಚ್ಚಲು ಹೋದೆ.
‘ಬೇಡ ಬೇಡ, ಚಳಿ’ ಅಂದಳು,
ಬೆರಳು ಗುಂಡಿಯ ಮೇಲೇ.
ಆಮೇಲೆ ಮೆಲ್ಲಗೆ,
‘ನೀರ್ಬಾಗಿಲ ಹತ್ತಿರ ಹೋಗುವುದುಂಟಾ ಈಗಲೂ?’
ಕೋಟನ್ನು ಕೇಳಿದಳೋ, ನನ್ನನ್ನೋ.
‘ಭಾನುವಾರ’ ಅಂದೆ, ಇಬ್ಬರ ಪರವಾಗಿ.

ಮೇ ತಿಂಗಳು. ಕೋಟಿಗೆ ರಜೆ.
ಹತ್ತಿ ಕುರ್ತಾದಲ್ಲಿ ಏರಿಯ ಮೇಲೆ ಹೊರಟೆ,
ಸಿಪ್ಪೆ ಸುಲಿದ ಹಾಗೆ, ಒಂಥರಾ ಭಯ.
ಪಿಪ್ಪಿನ್ ದಾಟಿ ಹೋಯಿತು.
ಹತ್ತು ಹೆಜ್ಜೆ ಆಚೆ ನಿಂತು
ತಿರುಗಿ ಬಂದು ಎಡಗಡೆ ಮೂಸಿತು,
ಬರೀ ಬಟ್ಟೆ. ಮೂಸುತ್ತಲೇ ಇತ್ತು.
‘ಜೇಬೇ ಇಲ್ಲವಲ್ಲಮ್ಮ ಇದಕ್ಕೆ’ ಅಂದ ಮುದುಕ,
ನನ್ನ ಮುಖ ನೋಡಿ.

ಒಡತಿ ಇನ್ನೂ ಕಾಯುತ್ತಿದ್ದಳು.
ಕೋಟೇ, ಅಂದುಕೊಂಡೆ ಒಳಗೆ.
ಅವಳ ನುಡಿಗೆ ತರುವಾಗ ಕೋಟೆಯಾಯಿತು.
ಖುಷಿಪಟ್ಟಳು, ಪಾಪ.
ಈ ಭಾನುವಾರ ಪುಕ್ಕಟೆ ಟಿಕೆಟ್ಟು ಕೊಡುತ್ತಾಳಂತೆ,
ಅದೂ ಭಾನುವಾರ!